ಕುರುಗೋಡಿನ ಖಾಲಿ ಕಾಲಂ

ನಮ್ಮ ಬಳ್ಳಾರಿ ಕಡೆಯವರ ಕೈಗೆ ವೈರ್‌ಲೆಸ್ ಸೆಟ್ಟು ಕೊಡಬಾರದಿತ್ತು. ಕೊಟ್ಟವರು ಬೆಂಗಳೂರಿನ ಬುದ್ಧಿವಂತರು. ಅವರಿಗೆ ಅಲೆ, ಏರಿಯಲ್ಲು, ಬ್ಯಾಟರಿ ಎಲ್ಲ ಗೊತ್ತಿತ್ತು. ಇಲ್ಲಿಯ ಮನುಷ್ಯ ‘ಊಟ ಆತೇನ್ರಿ?’ ಎಂದು ಕೇಳದೆ ಮಾತು ಶುರು ಮಾಡಲಾರ, ಕೇಳಿಸಿಕೊಂಡವನು ಏನೇನು ಉಂಡೆ ಎಂದು ಹೇಳದೆ ಮುಗಿಸಲಾರ ಎಂಬುದು ಮಾತ್ರ ಗೊತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲುವೆಯ ಕೆಲಸಕ್ಕೆಂದು ನಾಲ್ಕು ಸೆಟ್ಟು ಬಂದವು. ಒಂದನ್ನು ಬಳ್ಳಾರಿಯಲ್ಲಿಟ್ಟರು, ಒಂದನ್ನು ಕುರುಗೋಡಿನಲ್ಲಿ, ಒಂದನ್ನು ಸಿರುಗುಪ್ಪದಲ್ಲಿ. ನಾಲ್ಕನೆಯದನ್ನು ಜೀಪಿಗೆ ಕಟ್ಟಿದರು. ಇಲಾಖೆಯ ಹೆಸರು ಬೇಡ. ಹೇಳಿದರೆ ಇವತ್ತಿಗೂ ಹುಡುಕಿಕೊಂಡು ಬಂದು ಮೆಮೋ ಕೊಡುವಂಥ ಇಲಾಖೆ ಅದು.

ಬಳ್ಳಾರಿಯ ಸೆಟ್ಟಿನ ಮುಂದೆ ಕುಳಿತವನು ನಾನು. ಕೌಲ್ ಬಜಾರಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಬೆಸುಗೆ ಹಾಕಿ ಕೈ ಸುಟ್ಟುಕೊಂಡದ್ದೇ ನನ್ನ ಅರ್ಹತೆ. ನಾನು ಸರ್ಕಾರಿ ಕೆಲಸಕ್ಕೆ ಹೊರಟಾಗ ಅಂಗಡಿಯ ಚಾಚಾ ಬೆನ್ನು ತಟ್ಟಿ, “ಹೋಗಪ್ಪಾ ಹೋಗು. ಇಲ್ಲಿ ಒಂದು ರೇಡಿಯೊ ಸುಟ್ರ ಗಿರಾಕಿ ಬಡೀತಾನ. ಅಲ್ಲಿ ಹತ್ತು ಸುಟ್ರೂ ಯಾರೂ ಕೇಳಂಗಿಲ್ಲ” ಎಂದು ಆಶೀರ್ವಾದ ಮಾಡಿದ. ಅದಕ್ಕಿಂತ ನಿಜವಾದ ಮಾತನ್ನು ನನ್ನ ಸರ್ವಿಸಿನಲ್ಲಿ ಯಾರೂ ಆಡಲಿಲ್ಲ.

ಸಿರುಗುಪ್ಪದ ಸೆಟ್ಟಿನಲ್ಲಿದ್ದವನು ನನ್ನ ವಾರಿಗೆಯ ಜಗಳಗಂಟ. ತಾಯಿಯ ತವರು ಆಂಧ್ರದ ಕಡೆ. ಸಿಟ್ಟು ಬಂದರೆ ತೆಲುಗು, ಹೆದರಿದರೆ ಕನ್ನಡ. ಕುರುಗೋಡಿನವರು ನಮ್ಮಿಬ್ಬರಿಗಿಂತ ಹದಿನೈದು ವರ್ಷ ದೊಡ್ಡವರು. ಹನ್ನೊಂದು ವರ್ಷ ಕಾಲುವೆಯ ದಂಡೆಯ ಮೇಲೆ ತೂಬು ಎತ್ತಿ ಇಳಿಸುವ ಕೆಲಸ ಮಾಡಿದವರು. ಸುಗ್ಗಿ ಮುಗಿದ ಮೇಲೆ ಬಯಲಾಟದಲ್ಲಿ ರಾಕ್ಷಸನ ಪಾತ್ರ ಕಟ್ಟುತ್ತಿದ್ದರು. ಆ ಗಂಟಲಿಗೆ ವೈರ್‌ಲೆಸ್ ಕೊಟ್ಟದ್ದೇ ದುಂದು. ಗುಡ್ಡದ ಮೇಲೆ ನಿಂತು ಒಮ್ಮೆ ಕೂಗಿದ್ದರೆ ಬಳ್ಳಾರಿಗೆ ಹಾಗೆಯೇ ಕೇಳಿಸುತ್ತಿತ್ತು.

ಸೆಟ್ಟಿನಲ್ಲಿ ಮಾತಾಡುವಾಗ ಹೆಸರು ಹಿಡಿಯಬಾರದು, ಊರಿನ ಹೆಸರನ್ನೇ ಹೇಳಬೇಕು ಎಂದು ನಿಯಮವಿತ್ತು. ನಾವು ನಿಯಮ ಪಾಲಿಸಿದ್ದು ಅದೊಂದೇ, ಅದನ್ನೂ ಅತಿಯಾಗಿ. ಹೊರಗೆ ಎದುರು ಸಿಕ್ಕಾಗಲೂ “ಏನ್ಲೇ ಸಿರುಗುಪ್ಪ”, “ಬಾರಪ್ಪಾ ಬಳ್ಳಾರಿ” ಎಂದೇ ಕರೆದುಕೊಳ್ಳುತ್ತಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಕೇಳಿಸಿಕೊಂಡವರು ನಮಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಆ ಸೆಟ್ಟುಗಳ ಗುಣ ಇಷ್ಟು: ಎಲ್ಲಕ್ಕೂ ದಾರಿ ಒಂದೇ. ಒಂದೇ ಗಾಲಿಯ ಬಾವಿಗೆ ನಾಲ್ಕು ಜನ ಕೊಡ ಹಿಡಿದು ಬಂದ ಹಾಗೆ, ಒಬ್ಬರು ಸೇದುವಾಗ ಉಳಿದವರು ಸುಮ್ಮನಿರಬೇಕು. ಬಟನ್ ಒತ್ತಿದವನು ಮಾತಾಡಬಹುದು, ಆದರೆ ಅವನಿಗೆ ಆಗ ಏನೂ ಕೇಳಿಸದು. ಬಿಟ್ಟರೆ ಕೇಳಿಸುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವನಿಗೆ ‘ಗೊರ್ರ್’ ಎಂಬ ಸದ್ದಷ್ಟೇ ಬರುತ್ತದೆ.

ಮೊದಲ ದಿನ ನಮ್ಮ ಸೆಕ್ಷನ್ ಆಫೀಸರು ಜೀಪಿನಲ್ಲಿ ಸಿರುಗುಪ್ಪದ ರಸ್ತೆ ಹಿಡಿದು ಊರು ದಾಟಿದ ಮೇಲೆ, “ಯಾರಾದ್ರೂ ಕೇಳಾಕತ್ತೀರೇನ್ರಿ? ಓವರ್” ಎಂದರು. ಮೂವರಿಗೂ ಕೇಳಿಸಿತು. ಮೂವರೂ ಒತ್ತಿದೆವು. ನಾನು “ಹೇಳ್ರಿ ಸಾಹೇಬ್ರ”, ಸಿರುಗುಪ್ಪ “ಚೆಪ್ಪಂಡಿ ಸಾರ್”, ಕುರುಗೋಡಿನವರು “ಊಟ ಆತೇನ್ರಿ ಸಾಹೇಬ್ರ?” ಜೀಪಿಗೆ ತಲುಪಿದ್ದು ಗೊರ್ರ್. ಸಾಹೇಬರು ಮತ್ತೆ ಕರೆದರು. ಮೊದಲ ಸಲ ಕೇಳಿಸಲಿಲ್ಲವೇನೋ ಎಂದು ಮೂವರೂ ಮತ್ತೆ ಒತ್ತಿದೆವು, ಈ ಸಲ ಇನ್ನೂ ಗಟ್ಟಿಯಾಗಿ. ಅರ್ಧ ದಾರಿಗೆ ಜೀಪು ಹಿಂದಿರುಗಿತು. ಅವರು ಇಳಿದು ಬಂದು ಆಡಿದ ಮಾತುಗಳನ್ನು ನನ್ನ ತಾಯಿ ಕೇಳಿಸಿಕೊಳ್ಳಲಿಲ್ಲವಲ್ಲ ಎಂಬುದೇ ಸಮಾಧಾನ.

ಯಾಕೆ ಎಲ್ಲರೂ ಒತ್ತಿದಿರಿ ಎಂದು ಕೇಳಿದರೆ ಮೂವರ ಉತ್ತರವೂ ಒಂದೇ. ಕರೆದರೆ ಓ ಅನ್ನಬಾರದೆ? ಒಬ್ಬ ಹಿರಿಯ ಕರೆಯುತ್ತಿರುವಾಗ ‘ಇನ್ನೊಬ್ಬ ಉತ್ತರ ಕೊಟ್ಟಾನು ಬಿಡು’ ಎಂದು ಕುಳಿತರೆ ನಮ್ಮಲ್ಲಿ ಅದಕ್ಕೆ ಸೊಕ್ಕು ಅನ್ನುತ್ತಾರೆ. “ನಮ್ಮ ಮನ್ಯಾಗ ಹಂಗ ಕಲಿಸಿಲ್ರೀ” ಎಂದು ಕುರುಗೋಡಿನವರು ಸಾಹೇಬರಿಗೇ ಹೇಳಿಬಿಟ್ಟರು.

ಇದೆಲ್ಲ ನಗೆಪಾಟಲಾಗಿಯೇ ಮುಗಿಯುತ್ತಿತ್ತೇನೋ. ಆದರೆ ತಿಂಗಳೊಪ್ಪತ್ತಿನಲ್ಲಿ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆಂದು ಕಾಗದ ಬಂತು. ಅವರೇ ಜೀಪಿನಲ್ಲಿ ಕುಳಿತು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಮಾತು ಕಡಿಯದಿದ್ದರೆ ಸೆಟ್ಟುಗಳು ಉಳಿಯುತ್ತವೆ, ನಾವು ಪರ್ಮನೆಂಟ್. ಕಡಿದರೆ ಸೆಟ್ಟುಗಳು ಡಬ್ಬಿಗೆ, ನಾವು ಮನೆಗೆ. ಮೂವರೂ ದಿನಗೂಲಿಯವರು. ನನಗೂ ಸಿರುಗುಪ್ಪಕ್ಕೂ ಇನ್ನೂ ವಯಸ್ಸಿತ್ತು, ಇದಲ್ಲದಿದ್ದರೆ ಇನ್ನೊಂದು. ಕುರುಗೋಡಿನವರಿಗೆ ಮಾತ್ರ ಇದೇ ಕೊನೆಯ ಗಾಡಿ. ಇನ್ನೊಂದು ವರ್ಷ ಕಳೆದಿದ್ದರೆ ಅವರ ವಯಸ್ಸು ಸರ್ಕಾರದ ಲೆಕ್ಕದಲ್ಲಿ ಮೀರಿಹೋಗುತ್ತಿತ್ತು.

ನಾನು ಬಳ್ಳಾರಿಯವನು, ಅಂದರೆ ಹೆಡ್ ಆಫೀಸಿನವನು. ಹೀಗಾಗಿ ಬುದ್ಧಿಯೆಲ್ಲ ನನ್ನ ತಲೆಯಲ್ಲೇ ಇದೆ ಎಂದು ನಂಬಿದ್ದೆ. ಒಂದು ಹಾಳೆಯ ಮೇಲೆ ಗೆರೆ ಹೊಡೆದು ವೇಳಾಪಟ್ಟಿ ಮಾಡಿದೆ: ಇಷ್ಟನೇ ಮೈಲಿಗಲ್ಲಿನವರೆಗೆ ಬಳ್ಳಾರಿ ಉತ್ತರ ಕೊಡಬೇಕು, ಅಲ್ಲಿಂದ ಇಷ್ಟರವರೆಗೆ ಕುರುಗೋಡು, ಆಮೇಲೆ ಸಿರುಗುಪ್ಪ. ಚಂದದ ಅಕ್ಷರ, ಕೆಳಗೆ ಎರಡು ಗೆರೆ. ಆದರೆ ಅಲೆಗಳಿಗೆ ಮೈಲಿಗಲ್ಲು ಓದಲು ಬರುವುದಿಲ್ಲ. ಒಂದು ಕಡೆ ನನ್ನ ಸರದಿ ಇದ್ದರೂ ಜೀಪು ಗುಡ್ಡದ ಮರೆಗೆ ಹೋಗಿ ನನಗೆ ಏನೂ ಕೇಳಿಸದು. ಇನ್ನೊಂದು ಕಡೆ ಸಿರುಗುಪ್ಪದ ಸರದಿಯಲ್ಲಿ ನನಗೇ ಪಕ್ಕದಲ್ಲಿ ಕುಳಿತ ಹಾಗೆ ಕೇಳಿಸುವುದು. ಜೀಪಿನ ಡ್ರೈವರು ಹೇಳದೆ ಕೇಳದೆ ಚಹಾಕ್ಕೆ ನಿಲ್ಲಿಸುತ್ತಿದ್ದ. ಅವನು ಎಷ್ಟನೇ ಕಲ್ಲಿನ ಹತ್ತಿರ ಇದ್ದಾನೆ ಎಂದು ಕೇಳುವುದಕ್ಕೇ ಮೂವರೂ ಬಟನ್ ಒತ್ತಬೇಕಾಗುತ್ತಿತ್ತು.

ಒಂದು ಭಾನುವಾರ ಇಬ್ಬರನ್ನೂ ಬಳ್ಳಾರಿಗೆ ಕರೆಸಿದೆ. ಕೌಲ್ ಬಜಾರಿನ ಹೋಟೆಲ್ಲೊಂದರಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಮುಂದಿಟ್ಟುಕೊಂಡು ಕುಳಿತೆವು. ಕುಳಿತದ್ದಷ್ಟೇ ಸರಿ, ಆಮೇಲೆ ಜಗಳ.

“ನಾನು ಮಾತಾಡಾಕತ್ತಿದ್ರ ನೀ ಯಾಕ ನಡುವ ಬಾಯಿ ಹಾಕ್ತಿ ಲೇ?” ಎಂದು ನಾನು ಸಿರುಗುಪ್ಪವನ್ನು ಹಿಡಿದುಕೊಂಡೆ.

“ನೀ ಮಾತಾಡಾಕತ್ತೀ ಅಂತ ನಂಗೇನು ಕನಸು ಬಿದ್ದಿತ್ತಾ? ನಿನ್ನ ಸೆಟ್ಟು ಅಲ್ಲೀಮಟ ಮುಟ್ಟಂಗೇ ಇಲ್ಲ. ಏಮಯ್ಯಾ, ಹೆಡ್ ಆಫೀಸು ಅಂದ್ರ ಎಲ್ಲಾ ಕಡೆ ಕೇಳಿಸ್ತೀಯಾ?” ಎಂದು ಅವನು ತೆಲುಗಿಗೆ ಹೊರಳತೊಡಗಿದ.

ಕುರುಗೋಡಿನವರು ನಾಲ್ಕನೆಯ ಮಿರ್ಚಿಯ ತೊಟ್ಟು ಕಿತ್ತು ತಟ್ಟೆಯ ಅಂಚಿಗಿಟ್ಟು, “ನನಗ ಇಬ್ರೂ ಕೇಳಿಸ್ತೀರಿ” ಎಂದರು.

ಇಬ್ಬರೂ ಅವರ ಕಡೆ ತಿರುಗಿದೆವು.

“ನಂದು ಗುಡ್ಡದ ಮ್ಯಾಲಿನ ಏರಿಯಲ್ಲು. ನೀನೂ ಕೇಳಿಸ್ತಿ, ಅವನೂ ಕೇಳಿಸ್ತಾನ, ಜೀಪೂ ಕೇಳಿಸ್ತೈತಿ. ನಿಮಗ ಒಬ್ಬರಿಗೊಬ್ರು ಕೇಳಿಸಂಗಿಲ್ಲ. ಅದಕ್ಕ ಕುರುಡರಂಗ ಡಿಕ್ಕಿ ಹೊಡೀತೀರಿ. ನೀವು ಬಸ್ಸಿನ್ಯಾಗ ಬಂದ್ರೋ ಇಲ್ಲೋ? ಕಂಡಕ್ಟರು ಡ್ರೈವರಗ ಕಥಿ ಹೇಳ್ತಾನೇನು? ಒಂದು ಬಡದ್ರ ನಿಲ್ಲು, ಎರಡು ಬಡದ್ರ ನಡಿ.”

ಅವರ ಯೋಚನೆ ಇದು. ಜೀಪು ‘ಓವರ್’ ಎಂದ ಮೇಲೆ ಇಬ್ಬರೂ ಒಂದು ಉಸಿರಿನಷ್ಟು ಹೊತ್ತು ಕಾಯಬೇಕು. ಕುರುಗೋಡಿನವರು ಮಾತಾಡದೆ ಬಟನ್ನನ್ನಷ್ಟೇ ಒತ್ತಿ ಬಿಡುತ್ತಾರೆ. ಎಲ್ಲರ ಸೆಟ್ಟಿನಲ್ಲೂ ‘ಟಕ್’ ಎನ್ನುತ್ತದೆ. ಟಕ್ ಟಕ್ ಎಂದರೆ ಇದುವರೆಗೆ ಉತ್ತರ ಕೊಡುತ್ತಿದ್ದವನೇ ಮುಂದುವರಿಯಬೇಕು. ಒಂದೇ ಟಕ್ ಬಂದರೆ ಅವನು ನಿಲ್ಲಬೇಕು, ಇನ್ನೊಬ್ಬ ಹಿಡಿಯಬೇಕು. ಮಾತಾಡುವವರು ನಾವಿಬ್ಬರೇ ಆದ್ದರಿಂದ ಗೊಂದಲವಿಲ್ಲ.

ಉಪಾಯ ಚೆನ್ನಾಗಿತ್ತು, ಕಾನೂನಿಗೆ ವಿರುದ್ಧವಾಗಿತ್ತು. ಊರಿನ ಹೆಸರು ಹೇಳದೆ ಬಟನ್ ಒತ್ತಬಾರದು ಎಂದು ಸೆಟ್ಟಿನ ಮೇಲೆಯೇ ಕೆಂಪು ಅಕ್ಷರದಲ್ಲಿ ಅಂಟಿಸಿದ್ದರು. ಆಯುಧಪೂಜೆಗೆ ನಾವು ಬಳಿದ ಕುಂಕುಮ ಆ ಚೀಟಿಯನ್ನು ಮುಚ್ಚಿತ್ತು. ಓದಲಾಗಲಿಲ್ಲ ಎಂದು ಹೇಳಬಹುದಿತ್ತು. ನಾನು ಇನ್ನೊಂದು ಮಾತು ಸೇರಿಸಿದೆ. “ಅಣ್ಣಾ, ನೀವು ಏನಾದ್ರೂ ಆಗ್ಲಿ ಬಾಯಿ ಬಿಡಬ್ಯಾಡ್ರಿ. ನಿಮ್ಮ ದನಿಗೆ ಸೆಟ್ಟು ಒಡದ ಗಡಿಗಿಯಂಗ ಆಗ್ತೈತಿ. ಮ್ಯಾಲ ದೊಡ್ಡ ಸಾಹೇಬ್ರಿಗೆ ಊಟ ಆತೇನ್ರಿ ಅಂದ್ರ ಮುಗೀತು ನಮ್ಮ ಕಥಿ.” ಅವರು ನಕ್ಕರು. “ರಾಕ್ಷಸನ ಪಾತ್ರದವಗ ಮೌನವ್ರತ ಹಚ್ಚಿದಿ ತಮ್ಮಾ. ಆಗಲಿ” ಎಂದರು. ಆ ಮಾತನ್ನು ಹೇಳಿದವನು ನಾನು ಎಂಬುದನ್ನು ನೆನಪಿಟ್ಟುಕೊಳ್ಳಿ.

ದೊಡ್ಡ ಸಾಹೇಬರು ಬಂದರು. ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಬಳ್ಳಾರಿಯ ಬಿಸಿಲಿಗೆ ಆಗಲೇ ಮುಖ ಟೊಮ್ಯಾಟೊ. ಜೀಪು ಹೊರಟಿತು. ಮೊದಲ ಅರ್ಧ ತಾಸು ನಾನೇ ಮಾತಾಡಿದೆ. ಪ್ರತಿ ‘ಓವರ್’ ಆದ ಮೇಲೂ ಗುಡ್ಡದಿಂದ ಟಕ್ ಟಕ್. ಕಾಲುವೆಯ ಮಟ್ಟ ಎಷ್ಟು ಎಂದು ಕೇಳಿದರು, ಹೇಳಿದೆ. ಇವತ್ತು ಯಾವ ತೂಬು ಬಂದ್ ಎಂದು ಕೇಳಿದರು, ಹೇಳಿದೆ. ಆಮೇಲೆ ಅವರ ದನಿ ಸಣ್ಣಗಾಗತೊಡಗಿತು, ಅಷ್ಟರಲ್ಲಿ ಟಕ್. ಒಂದೇ. ನಾನು ಬಟನ್ನಿನಿಂದ ಬೆರಳು ತೆಗೆದೆ. ಸಿರುಗುಪ್ಪ ಹಿಡಿದಿರಬೇಕು, ಅವನ ಮಾತು ನನಗೆ ಕೇಳಿಸಲಿಲ್ಲ, ಸಾಹೇಬರು “ಸರಿ ಸರಿ, ಮುಂದೆ ಹೇಳಿ” ಎಂದದ್ದು ಮಾತ್ರ ಕೇಳಿಸಿತು.

ನಡುವಿನ ದಾರಿ ಬಲು ಕೆಟ್ಟದ್ದು. ಒಂದು ಏರು ಹತ್ತಿದರೆ ನಾನು, ಇಳಿದರೆ ಅವನು. ಅಲ್ಲಿ ಕುರುಗೋಡಿನವರು ನಮ್ಮಿಬ್ಬರನ್ನು ಎತ್ತುಗಳ ಹಾಗೆ ಹೊಡೆದರು. ಟಕ್, ಬಿಡು. ಟಕ್, ಹಿಡಿ. ಟಕ್ ಟಕ್, ನಡಿ. ಒಮ್ಮೆಯೂ ತಪ್ಪಲಿಲ್ಲ. ನಾನು ಬೆವರಿನಲ್ಲಿ ತೊಯ್ದಿದ್ದೆ, ನಗು ಬರುತ್ತಿತ್ತು, ಅಷ್ಟು ಖುಷಿ ನನಗೆ ಆ ಕುರ್ಚಿಯಲ್ಲಿ ಮತ್ತೆ ಎಂದೂ ಆಗಲಿಲ್ಲ. ಒಮ್ಮೆ ದೊಡ್ಡ ಸಾಹೇಬರು ಬಟನ್ ಒತ್ತಿಕೊಂಡೇ ಪಕ್ಕದಲ್ಲಿದ್ದ ನಮ್ಮ ಸೆಕ್ಷನ್ ಆಫೀಸರನ್ನು, “ಇದೇನ್ರೀ ಟಕ್ ಟಕ್ ಅಂತಿದೆ?” ಎಂದು ಕೇಳಿದರು. ಆಫೀಸರಿಗೆ ನಮ್ಮ ಉಪಾಯ ಗೊತ್ತೇ ಇರಲಿಲ್ಲ. ಅವರು ಎರಡನೆಯ ಮಾತಿಲ್ಲದೆ, “ಜೀಪಿನ ಸ್ಪ್ರಿಂಗು ಸಾರ್” ಎಂದರು.

ಜೀಪು ಸಿರುಗುಪ್ಪ ಮುಟ್ಟಿತು. ಮಾತು ಒಮ್ಮೆಯೂ ಕಡಿಯಲಿಲ್ಲ.

ಮಾರನೆಯ ದಿನ ಮೂರೂ ಊರಿನ ಲಾಗ್ ಪುಸ್ತಕ ತರಿಸಿ, ನಾನೇ ಒಂದು ಚೊಕ್ಕ ಪ್ರತಿ ಮಾಡಿದೆ. ಮೂರು ಕಾಲಂ. ಬಳ್ಳಾರಿಯ ಕಾಲಂ ತುಂಬಿ ತುಳುಕಿತು, ಸಿರುಗುಪ್ಪದ್ದೂ ತುಂಬಿತು. ಕುರುಗೋಡಿನವರು ತಮ್ಮ ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಮಾತಾಡಿಲ್ಲ’ ಎಂದು ಬರೆದು ಸಹಿ ಮಾಡಿದ್ದರು. ವ್ರತ ಮುಗಿಸಿದ ಹೆಮ್ಮೆ ಅದು. ನಾನು ಅವರ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಒಂದು ಉದ್ದ ಗೆರೆ ಎಳೆದು ದೊಡ್ಡ ಸಾಹೇಬರ ಮುಂದಿಟ್ಟೆ.

ಅವರು ಮೊದಲು ನನ್ನನ್ನು ಹೊಗಳಿದರು. “ಬಹಳ ಚೆನ್ನಾಗಿ ಹೊಂದಿಸಿದ್ದೀರಿ. ಒಬ್ಬನ ಜೊತೆಗೇ ಮಾತಾಡಿದ ಹಾಗಿತ್ತು. ಯಾರದ್ರೀ ಈ ಐಡಿಯಾ?” ಎಂದರು. ನಾನು ತಲೆ ಬಗ್ಗಿಸಿ ನಿಂತೆ. ತಲೆ ಬಗ್ಗಿಸಿದರೆ ‘ನನ್ನದೇ’ ಎಂದು ಅರ್ಥವಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಅವರ ಪೆನ್ಸಿಲು ಮೂರನೆಯ ಕಾಲಮ್ಮಿಗೆ ಬಂತು.

“ಈ ಕುರುಗೋಡಿನವನು ಏನು ಮಾಡ್ತಿದ್ದ?”

ಹೇಳಬಹುದಿತ್ತು. ಹೇಳಿದರೆ ಟಕ್ ಟಕ್ ಕಾನೂನುಬಾಹಿರ ಎಂದು ಮೂವರೂ ಹೋಗುತ್ತೇವೆ ಎಂಬ ಹೆದರಿಕೆ ಇತ್ತು, ನಿಜ. ಆದರೆ ಅದಷ್ಟೇ ಆಗಿದ್ದರೆ ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲ. ಆಗಷ್ಟೇ ಸಿಕ್ಕ ಹೊಗಳಿಕೆಯನ್ನು ವಾಪಸು ಕೊಡಲು ನನಗೆ ಮನಸ್ಸಿರಲಿಲ್ಲ.

“ಅವ್ರು ಕೇಳ್ತಿದ್ರು ಸಾರ್” ಎಂದೆ.

“ಕೇಳೋಕೆ ಸಂಬಳ ಯಾಕ್ರೀ ಕೊಡ್ಬೇಕು?” ಎಂದು ಅವರು ಕೆಂಪು ಪೆನ್ಸಿಲಿನಿಂದ ನನ್ನ ಗೆರೆಯ ಮೇಲೆಯೇ ಇನ್ನೊಂದು ಗೆರೆ ಎಳೆದರು. ಬಳ್ಳಾರಿ, ಸಿರುಗುಪ್ಪ ಪರ್ಮನೆಂಟ್. ಕುರುಗೋಡು ಬಂದ್.

ಆ ಸುದ್ದಿಯನ್ನು ಸೆಟ್ಟಿನಲ್ಲಿ ಹೇಳುವ ಕೆಲಸವೂ ನನ್ನದೇ ಆಯಿತು. ಆಡುಮಾತಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಕಾಗದದಲ್ಲಿದ್ದ ಹಾಗೆ ಓದಿದೆ: “ಕುರುಗೋಡು ಕೇಂದ್ರವನ್ನು ನಾಳೆಯಿಂದ ಮುಚ್ಚತಕ್ಕದ್ದು. ಓವರ್.” ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಟಕ್ ಟಕ್. ಬೈದಿದ್ದರೆ ಬದುಕುತ್ತಿದ್ದೆ. ಸೆಟ್ಟಿನ ಮುಂದೆ ಕುಳಿತು ಅತ್ತೆ.

ಮುಂದಿನ ವಾರದಿಂದಲೇ ಮತ್ತೆ ಗೊರ್ರ್. ನಾನು ಒತ್ತಿದಾಗ ಅವನೂ ಒತ್ತುತ್ತಿದ್ದ, ಅವನು ಬಿಟ್ಟಾಗ ನಾನೂ ಬಿಡುತ್ತಿದ್ದೆ. ಕಾಲುವೆಯಲ್ಲಿ ನೀರು ಜಾಸ್ತಿಯಾಗಿದೆ ಎಂದು ನಡುದಾರಿಯ ಸಿರಿಗೇರಿ ಕಡೆಯಿಂದ ಸಾಹೇಬರು ಕೂಗಿಕೊಂಡರೆ ನನಗೆ ತಲುಪುವ ಹೊತ್ತಿಗೆ ಕಾಲುವೆ ಕಾಯುವ ಲಸ್ಕರನೊಬ್ಬ ಬಸ್ಸಿನಲ್ಲಿ ಬಂದು ಹೇಳಿ ಹೋಗಿರುತ್ತಿದ್ದ. ನಮ್ಮ ಸೆಕ್ಷನ್ ಆಫೀಸರಿಗೆ ತಮ್ಮ ಸುಳ್ಳಿನ ಮೇಲೆ ಎಷ್ಟು ನಂಬಿಕೆ ಬಂದಿತ್ತೆಂದರೆ, “ಅವತ್ತಿನ ಸ್ಪ್ರಿಂಗು ಚಲೋ ಇದ್ವು” ಎಂದು ಜೀಪಿಗೆ ಹೊಸ ಸ್ಪ್ರಿಂಗು ಹಾಕಿಸಲು ಅರ್ಜಿ ಬರೆದರು. ಅದು ಮಂಜೂರೂ ಆಯಿತು.

ಕುರುಗೋಡಿನ ದಾರಿಯನ್ನು ಒಂದು ವರ್ಷ ತಪ್ಪಿಸಿದೆ. ಸಿರುಗುಪ್ಪಕ್ಕೆ ಹೋಗುವುದಿದ್ದರೆ ನೇರ ಬಸ್ಸು ಹಿಡಿಯುತ್ತಿದ್ದೆ. ಒಮ್ಮೆ ಸಿರಿಗೇರಿಯಲ್ಲಿ ಕೆಲಸ ಬಿತ್ತು, ಬೇರೆ ಬಸ್ಸಿರಲಿಲ್ಲ, ಕುರುಗೋಡಿನ ಮೇಲೇ ಹೋಗಬೇಕಾಯಿತು. ಬಸ್ಸು ಊರೊಳಗೆ ನಿಂತಾಗ ಹೊರಗಿನಿಂದ ಒಂದು ದನಿ ಬಂತು: “ಸಿರಿಗೇರಿ! ಸಿರಿಗೇರಿ! ಸಿರುಗುಪ್ಪ!” ಕಿಟಕಿಯ ಗಾಜು ನಡುಗಿತು. ಖಾಸಗಿ ಬಸ್ಸುಗಳಿಗೆ ಜನ ಕೂಗಿ ಹತ್ತಿಸುವ ಏಜೆಂಟ್ ಕೆಲಸ ಮಾಡುತ್ತಿದ್ದರು ಕುರುಗೋಡಿನವರು. ನಾನು ತಲೆ ತಗ್ಗಿಸುವುದರೊಳಗೆ ನೋಡಿಬಿಟ್ಟರು.

“ಓ, ಬಳ್ಳಾರಿ!” ಎಂದರು.

ಇಳಿಯಲಿಲ್ಲ. ಕಿಟಕಿಯಿಂದಲೇ ಶುರು ಮಾಡಿದೆ. ಅವತ್ತು ಹೇಳಿದ್ದರೆ ಮೂವರೂ ಹೋಗುತ್ತಿದ್ದೆವು, ದೊಡ್ಡ ಸಾಹೇಬರು ಕೇಳಿದ ರೀತಿ ಹಾಗಿತ್ತು, ಕಾಯಿದೆ ಹಾಗಿತ್ತು, ನಾನು ಸಣ್ಣವನು... ಹೇಳುತ್ತಾ ಹೋದೆ. ಬಸ್ಸು ಅಲುಗಿತು, ಮೆಲ್ಲಗೆ ಹೊರಟಿತು. ಅವರು ಕೇಳುತ್ತಲೇ ಪಕ್ಕದಲ್ಲಿ ನಾಲ್ಕು ಹೆಜ್ಜೆ ಬಂದು, ಬಸ್ಸಿನ ಮೈಗೆ ಅಂಗೈಯಿಂದ ಒಂದು ಸಲ ಬಡಿದರು. ಡ್ರೈವರು ಬ್ರೇಕು ಹಾಕಿದ. ಒಳಗೆ ನಿಂತವರು ಒಬ್ಬರ ಮೇಲೊಬ್ಬರು ವಾಲಿ ಬೈದರು. ನನ್ನ ಮಾತೂ ನಿಂತಿತು.

“ಅಣ್ಣಾ, ತಪ್ಪು ನಂದು. ಹೊಗಳಿಸಿಕೊಳ್ಳಾಕ ಹೇಳ್ಲಿಲ್ಲ” ಎಂದೆ.

ಅವರು ಬಸ್ಸಿನ ಮೈಮೇಲಿಟ್ಟ ಕೈ ತೆಗೆದರು. ಆಮೇಲೆ, “ಊಟ ಆತೇನು ತಮ್ಮಾ?” ಎಂದರು.

“ಇಲ್ರಿ.”

“ಹಂಗಾರ ಇಳಿ.”

ಇಳಿದೆ. ಅವರು ಬಸ್ಸಿಗೆ ಎರಡು ಬಡಿದರು, ಅದು ನನ್ನನ್ನು ಬಿಟ್ಟು ಸಿರಿಗೇರಿಗೆ ಹೋಯಿತು. ಅವರ ಹಿಂದೆ ಎರಡು ಓಣಿ ನಡೆದೆ. ಮನೆಯ ಬಾಗಿಲಲ್ಲಿ ಅವರ ಹೆಂಡತಿ ರೊಟ್ಟಿಯ ಹಿಟ್ಟು ಹತ್ತಿದ ಕೈಯಲ್ಲೇ ಬಂದು ನಿಂತು, “ಯಾರಿವ್ರು?” ಎಂದು ಕೇಳಿದರು.

“ಬಳ್ಳಾರಿ” ಎಂದು ಅವರು ಚಪ್ಪಲಿ ಬಿಡುತ್ತಾ ಹೇಳಿದರು. “ಇವತ್ತು ಸ್ವಚ್ಛ ಕೇಳಿಸ್ತು. ಇನ್ನೊಂದು ತಾಟು ಹಾಕು.”